ಅಟ್ಟದ ಮೇಲಿನ ಗಿಟಾರ್

ಸಂಘದ ಸ್ಮರಣ ಸಂಚಿಕೆಗೆಂದು ನಾವು ಇದುವರೆಗೆ ಬರೆದುಕೊಟ್ಟಿರುವುದೆಲ್ಲ ಗಡಿನಾಡಿನ ಕನ್ನಡದ ಸ್ಥಿತಿಗತಿಯನ್ನು ಕುರಿತು, ಇಲ್ಲವೇ ವಯನಾಡಿನ ಬಸದಿಗಳನ್ನು ಕುರಿತು. ಈ ಸಲವೂ ಅಂಥದೇ ಒಂದನ್ನು ನಿರೀಕ್ಷಿಸಿ ಕಾರ್ಯದರ್ಶಿಗಳು ಒಂದು ಸಂಜೆ ಮನೆಗೆ ಬಂದರು. ಆಗ ನಮ್ಮ ಜಗಲಿಯಲ್ಲಿ ಅಮೆರಿಕೆಯ ಜಾಝ್ ಸಂಗೀತ ಕೇಳಿಬರುತ್ತಿತ್ತು. ಅವರು ಮೆಟ್ಟಿಲ ಮೇಲೆಯೇ ನಿಂತು, "ಮೊಮ್ಮಗಳು ಬಂದಿದ್ದಾಳೆಯೇ ಮೇಷ್ಟ್ರೇ?" ಎಂದರು. ಮೊಮ್ಮಗಳು ಬಂದಿರಲಿಲ್ಲ. ಕೇಳುತ್ತಿದ್ದವರು ನಾವೇ. ಎಪ್ಪತ್ತು ದಾಟಿದ, ಪಂಚೆಯುಟ್ಟು ಅಡಕೆ ಕತ್ತರಿಸುತ್ತ ಕುಳಿತ ನಿವೃತ್ತ ಮುಖ್ಯೋಪಾಧ್ಯಾಯನೊಬ್ಬ ಗಿಟಾರ್ ಕೇಳುತ್ತಿರುವುದನ್ನು ಕಂಡು ಅವರಿಗೆ ನಗು ಬಂದಿತು. ಅದನ್ನೇ ಬರೆಯಿರಿ ಎಂದರು. ಆದುದರಿಂದ ಈ ಲೇಖನದ ಹೊಣೆಯಲ್ಲಿ ಅವರಿಗೂ ಪಾಲಿದೆ.

ಕಳೆದ ವರ್ಷ ಯುಗಾದಿಗೆ ಮಗ ಸಂಸಾರಸಮೇತ ಮೈಸೂರಿನಿಂದ ಬಂದಿದ್ದ. ಹಬ್ಬದಡುಗೆಗೆ ದೊಡ್ಡ ಹಿತ್ತಾಳೆಯ ಪಾತ್ರೆ ಬೇಕೆಂದು ಮೊಮ್ಮಗಳು ಅಟ್ಟ ಹತ್ತಿದಳು. ಇಂಜಿನಿಯರಿಂಗ್ ಓದುವ ಹುಡುಗಿ. ವಾರಕ್ಕೆರಡು ದಿನ ಗಿಟಾರ್ ಪಾಠಕ್ಕೂ ಹೋಗುತ್ತಾಳೆ. ಪಾತ್ರೆಯ ಬದಲು ಬಟ್ಟೆಯಲ್ಲಿ ಸುತ್ತಿದ ಉದ್ದನೆಯ ಗಂಟೊಂದನ್ನು ಎದೆಗವಚಿಕೊಂಡು ಇಳಿದಳು. ಬಿಚ್ಚಿದರೆ ಒಂದು ಗಿಟಾರ್. ತಂತಿಗಳು ತುಕ್ಕು ಹಿಡಿದಿದ್ದವು. ಎರಡು ತುಂಡಾಗಿ ಸುರುಳಿ ಸುತ್ತಿಕೊಂಡಿದ್ದವು. ಕೊರಳು ಬಿಲ್ಲಿನಂತೆ ಮುಂದಕ್ಕೆ ಬಾಗಿತ್ತು.

"ಇದು ಯಾರದು ತಾತ?" ಎಂದಳು.

ನಾವು ಮಗನ ಮುಖ ನೋಡಿದೆವು. ಅವನು ಪತ್ರಿಕೆಯಿಂದ ತಲೆಯೆತ್ತದೆ, "ಯಾರದೋ ಇರಬೇಕು" ಎಂದ. ಮೂವತ್ತು ವರ್ಷಗಳಲ್ಲಿ ಆ ವಸ್ತುವನ್ನು ಕುರಿತು ಅವನಾಡಿದ ಮಾತು ಅದೊಂದೇ.

ಅದು ಅವನದೇ. ಬತ್ತೇರಿಯ ಸುತ್ತಮುತ್ತ ತಿರುವಿದಾಂಕೂರಿನಿಂದ ಬಂದು ನೆಲೆಸಿದ ಕ್ರೈಸ್ತ ಕುಟುಂಬಗಳು ಬಹಳ. ಅವರ ಪಳ್ಳಿಯ ಗಾನವೃಂದದಲ್ಲಿ ಗಿಟಾರ್ ನುಡಿಸುತ್ತಿದ್ದ ಸಹಪಾಠಿಯೊಬ್ಬ ಹೊಸದನ್ನು ಕೊಂಡಾಗ ಹಳೆಯದನ್ನು ನಮ್ಮ ಮಗನಿಗೆ ಆರುನೂರು ರೂಪಾಯಿಗೆ ಕೊಟ್ಟ. ಆ ಹಣವನ್ನು ಇವನು ಎರಡು ಋತು ಮೆಣಸು ಕೊಯ್ದು ಕೂಡಿಸಿದ್ದ. ಆಗ ಅವನು ಪ್ರೀ ಡಿಗ್ರಿಯ ಮೊದಲ ವರ್ಷದಲ್ಲಿದ್ದ. ರಾತ್ರಿ ಊಟವಾದ ಮೇಲೆ ಹಿಂದಿನ ಕೋಣೆಯಲ್ಲಿ ಕುಳಿತು ಒಂದೇ ನಾಲ್ಕು ಸ್ವರಗಳನ್ನು ಗಂಟೆಗಟ್ಟಲೆ ಮೀಟುತ್ತಿದ್ದ. ನೆರೆಯವರು ಒಮ್ಮೆ, "ಮೇಷ್ಟ್ರ ಮನೆಯಲ್ಲಿ ರಾತ್ರಿಯೆಲ್ಲ ಟಂಯ್ ಟಂಯ್" ಎಂದು ನಗುತ್ತ ಆಡಿದ ಮಾತು ನಮ್ಮನ್ನು ಚುಚ್ಚಿತು. ಆ ಏಪ್ರಿಲಿನಲ್ಲಿ ಅವನು ಗಣಿತದಲ್ಲಿ ಅನುತ್ತೀರ್ಣನಾದ. ಊರಿನ ಮಕ್ಕಳಿಗೆಲ್ಲ ಪಾಠ ಹೇಳುವವನ ಮಗ! ಫಲಿತಾಂಶ ಬಂದ ದಿನ ನಾವು ಏಣಿ ಹಾಕಿ ಆ ಗಿಟಾರನ್ನು ಅಟ್ಟಕ್ಕೇರಿಸಿದೆವು. ಬೈಯಲಿಲ್ಲ, ಹೊಡೆಯಲಿಲ್ಲ. "ಇದು ನಮ್ಮ ವಾದ್ಯವಲ್ಲ" ಎಂದಷ್ಟೇ ಹೇಳಿದೆವು. ಅವನು ಮತ್ತೆ ಕೇಳಲಿಲ್ಲ. ಮರುವರ್ಷ ತೇರ್ಗಡೆಯಾದ, ಪದವಿ ಪಡೆದ, ಬ್ಯಾಂಕಿನ ಕೆಲಸ ಹಿಡಿದ. ನಮ್ಮ ಕ್ರಮವೇ ಸರಿಯೆಂದು ನಾವು ಬಹುಕಾಲ ನಂಬಿದ್ದೆವು. ಹೆತ್ತವರ ಸಭೆಗಳಲ್ಲಿ ಹೆಸರು ಹೇಳದೆ ದೃಷ್ಟಾಂತವಾಗಿ ಕೊಟ್ಟದ್ದೂ ಉಂಟು.

ಇಲ್ಲಿ ಒಂದು ಸಂಗತಿಯನ್ನು ಹೇಳಬೇಕು. ನಾವು ಅದನ್ನು ಅಟ್ಟಕ್ಕೆ ಹಾಕಿದ್ದು ಬರಿಗಿಟಾರನ್ನು. ಮೊಮ್ಮಗಳು ಇಳಿಸಿದ ಗಂಟಿನ ಬಟ್ಟೆ ನಮ್ಮ ಮನೆಯವರ ಹಳೆಯ ನೂಲಿನ ಸೀರೆ. ಒಳಗೆ ಒಣಗಿದ ಬೇವಿನೆಲೆ, ಕರ್ಪೂರದ ವಾಸನೆ. ವಯನಾಡಿನ ಮಳೆಗಾಲದಲ್ಲಿ ಗೋಡೆಯ ಪಟಕ್ಕೂ ಬೂಷ್ಟು ಹಿಡಿಯುತ್ತದೆ. ಅವರು ವರ್ಷವರ್ಷವೂ ಅಟ್ಟ ಹತ್ತಿ ಎಲೆ ಬದಲಿಸುತ್ತಿದ್ದಿರಬೇಕು. ನಮಗಾಗಲಿ ಮಗನಿಗಾಗಲಿ ಒಂದು ಮಾತೂ ಹೇಳಲಿಲ್ಲ. ಅವರು ತೀರಿಕೊಂಡು ಈಗ ಐದು ವರ್ಷಗಳಾದವು.

ಮೊಮ್ಮಗಳು ಅದನ್ನು ಮೈಸೂರಿಗೆ ಒಯ್ದು ರಿಪೇರಿಯವನಿಗೆ ತೋರಿಸಿದಳು. ತಂತಿಗಳನ್ನು ಸಡಿಲಿಸದೆ ಇಟ್ಟದ್ದೇ ತಪ್ಪಾಯಿತಂತೆ. ಉಕ್ಕಿನ ಆರು ತಂತಿಗಳು ಹಗಲಿರುಳು ಜಗ್ಗುತ್ತಲೇ ಇರುತ್ತವೆ. ಮರ ತೇವ ಕುಡಿದು ಮೆತ್ತಗಾದಾಗ ಆ ಜಗ್ಗಿಗೆ ಬಾಗುತ್ತದೆ, ಅಂಟೂ ಬಿಡುತ್ತದೆ. ಸರಿಪಡಿಸುವ ಖರ್ಚಿನಲ್ಲಿ ಹೊಸದೇ ಬರುತ್ತದೆ ಎಂದನಂತೆ. ಹಾಗಾಗಿ ಅದು ಮತ್ತೆ ನಮ್ಮ ಮನೆಗೇ ಬಂದಿತು. ಈ ಸಲ ಅಟ್ಟಕ್ಕೆ ಹೋಗಲಿಲ್ಲ.

ಬರುವಾಗ ಹುಡುಗಿ ಅಂಗೈಯಗಲದ ಒಂದು ಸ್ಪೀಕರ್ ತಂದಿದ್ದಳು. "ತಾತ, ನೀವು ಒಂದು ವಾರ ಕೇಳಿ. ಇಷ್ಟವಾಗದಿದ್ದರೆ ನಾನು ಮತ್ತೆ ಈ ಮಾತೇ ಎತ್ತುವುದಿಲ್ಲ" ಎಂದಳು. ಶಿಕ್ಷಕರಾದ ನಮಗೆ ಇಂಥ ಕರಾರು ಹೊಸದಲ್ಲ. ವಿದ್ಯಾರ್ಥಿಯ ಕಡೆ ನಿಂತದ್ದು ಮಾತ್ರ ಹೊಸದು.

ಅವಳು ಮೊದಲು ಕೇಳಿಸಿದ್ದು ವೆಸ್ ಮಾಂಟ್ಗೊಮರಿ ಎಂಬ ಕರಿಯ ಅಮೆರಿಕನ್ ಕಲಾವಿದನ ಧ್ವನಿಮುದ್ರಿಕೆ. 1959ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ನಗರದಲ್ಲಿ ಮುದ್ರಿತವಾದದ್ದು. ನುಡಿಸುವವರು ಮೂವರೇ: ಗಿಟಾರಿಗೆ ವೆಸ್, ಆರ್ಗನ್ನಿಗೆ ಮೆಲ್ವಿನ್ ರೈನ್, ಡ್ರಮ್ಮಿಗೆ ಪಾಲ್ ಪಾರ್ಕರ್. ಒಟ್ಟು ಒಂಬತ್ತು ರಚನೆಗಳು. ಅವುಗಳಲ್ಲಿ ಎರಡು ಮಾತ್ರ ವೆಸ್‌ನ ಸ್ವಂತದವು. ಉಳಿದವು ಥೆಲೋನಿಯಸ್ ಮಾಂಕ್, ಡ್ಯೂಕ್ ಎಲಿಂಗ್ಟನ್ ಮೊದಲಾದವರ ರಚನೆಗಳು ಮತ್ತು ಹಳೆಯ ನಾಟಕ ಸಿನಿಮಾಗಳಿಂದ ಬಂದ ಧಾಟಿಗಳು. ಇಂಥ ಎಲ್ಲರಿಗೂ ಗೊತ್ತಿರುವ ಧಾಟಿಗಳಿಗೆ ಅವರು 'ಸ್ಟ್ಯಾಂಡರ್ಡ್' ಎನ್ನುತ್ತಾರೆ.

ಮೊದಲ ದಿನ ನಮಗೆ ಏನೂ ತಿಳಿಯಲಿಲ್ಲ. ಎರಡನೆಯ ದಿನ ಬೇಸರ ಬಂದಿತು. ಎಲ್ಲರಿಗೂ ಗೊತ್ತಿರುವ ಹಾಡನ್ನೇ ಮತ್ತೆ ನುಡಿಸುವುದೇಕೆ, ಗೊತ್ತಿರುವುದನ್ನೇ ನುಡಿಸುವುದಾದರೆ ನಡುವೆ ಅದನ್ನು ಬಿಟ್ಟು ಎಲ್ಲೆಲ್ಲೋ ಅಲೆಯುವುದೇಕೆ ಎಂದು ಕೇಳಿದೆವು. ಅವಳು ಮೇಜಿನ ಮೇಲೆ ತಾಳ ಹಾಕಿ ಎಣಿಸಿ ತೋರಿಸಿದಳು. ಅನೇಕ ಧಾಟಿಗಳು ಮೂವತ್ತೆರಡು ಆವರ್ತಗಳ ಚೌಕಟ್ಟಿನವು. ಎಂಟರದು ಒಂದು ಭಾಗ, ಅದೇ ಇನ್ನೊಮ್ಮೆ, ಮೂರನೆಯ ಎಂಟು ಬೇರೆ, ನಾಲ್ಕನೆಯದಕ್ಕೆ ಮೊದಲನೆಯದೇ ಮರಳುತ್ತದೆ. ಒಮ್ಮೆ ಧಾಟಿಯನ್ನು ಇದ್ದಂತೆ ನುಡಿಸಿದ ಮೇಲೆ ಅದು ಬಾಹ್ಯಕ್ಕೆ ಮರೆಯಾಗುತ್ತದೆ. ಆದರೆ ಆ ಮೂವತ್ತೆರಡರ ಎಣಿಕೆ, ಅದರಡಿಯ ಸ್ವರಮೇಳಗಳ ಸರಣಿ, ಮೂವರ ಮನಸ್ಸಿನಲ್ಲೂ ಸುತ್ತುತ್ತಲೇ ಇರುತ್ತದೆ. ಅದರ ಮೇಲೆ ಗಿಟಾರಿನವನು ಅಂದು ತನಗೆ ತೋಚಿದ್ದನ್ನು ಕಟ್ಟುತ್ತಾನೆ. ಕೊನೆಗೆ ಮೂವರೂ ಧಾಟಿಗೆ ಮರಳುತ್ತಾರೆ.

ಆಗ ನಮಗೆ ಥಟ್ಟನೆ ನೆನಪಾದದ್ದು ತಾಳಮದ್ದಲೆ.

ನಮ್ಮ ವೃತ್ತಿಜೀವನದ ಮೊದಲ ಕೆಲವು ವರ್ಷಗಳನ್ನು ಕಾಸರಗೋಡಿನ ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಕಳೆದೆವು. ಅಲ್ಲಿ ರಾತ್ರಿಯಿಡೀ ತಾಳಮದ್ದಲೆ ಕೇಳುವ ಚಟ ಅಂಟಿತು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಎದುರುಬದುರು ಕುಳಿತ ಅರ್ಥಧಾರಿಗಳು ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ಅದನ್ನು ಬೆಳೆಸುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಲು ಜನ ಮೈಲಿಗಟ್ಟಲೆ ನಡೆದು ಬರುತ್ತಿದ್ದರು. ವಾಲಿ ಸಾಯುತ್ತಾನೆಂದು ಯಾರಿಗೆ ಗೊತ್ತಿಲ್ಲ? ಆದರೆ ಮರೆಯಲ್ಲಿ ನಿಂತು ಬಾಣಬಿಟ್ಟ ರಾಮನನ್ನು ಇಂದು ರಾತ್ರಿ ವಾಲಿ ಏನು ಕೇಳುತ್ತಾನೆ, ರಾಮ ಅದಕ್ಕೆ ಏನೆನ್ನುತ್ತಾನೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಅರ್ಥಧಾರಿಗಳಿಗೂ ಪೂರ್ತಿ ಗೊತ್ತಿರುವುದಿಲ್ಲ. ಪದ್ಯದ ಅಂಕೆ ಮೀರುವಂತಿಲ್ಲ. ಪದ್ಯದಲ್ಲಿದ್ದಷ್ಟನ್ನೇ ಹೇಳಿ ಸುಮ್ಮನಾಗುವಂತೆಯೂ ಇಲ್ಲ. ಎದುರಾಳಿ ಮಾತಾಡುವಾಗ ಕಿವಿಗೊಡದವನು ಒಳ್ಳೆಯ ಅರ್ಥಧಾರಿಯಾಗಲಾರ.

ಹಾಗೆಂದುಕೊಂಡು ಮೂರನೆಯ ದಿನ ಕೇಳಿದೆವು. ಆರ್ಗನ್ನಿನವನು ಗಿಟಾರಿನ ಮಾತಿನ ನಡುವೆ ಬಾಯಿಹಾಕದೆ ಅಲ್ಲಲ್ಲಿ 'ಹೂಂ' ಎನ್ನುವಂತೆ ನಾಲ್ಕು ಸ್ವರ ಇಡುತ್ತಿದ್ದ. ತನ್ನ ಸರದಿ ಬಂದಾಗ ಗಿಟಾರು ಬಿಟ್ಟ ಮಾತಿನ ತುದಿಯನ್ನೇ ಹಿಡಿದು ಹೊರಟ. ಡ್ರಮ್ಮಿನವನು ಸದ್ದು ಮಾಡುವುದಕ್ಕಿಂತ ಸದ್ದು ತಡೆಯುವುದನ್ನೇ ಹೆಚ್ಚು ಬಲ್ಲವನಂತೆ ತೋರಿದ. ಮೂವರೇ ಆದ್ದರಿಂದ ಅಡಗಲು ಎಡೆಯಿಲ್ಲ. ಒಬ್ಬ ಸುಮ್ಮನಾದರೆ ಕೂಡಲೇ ತಿಳಿಯುತ್ತದೆ.

ಈ ವೆಸ್‌ನ ವೃತ್ತಾಂತವನ್ನು ಮೊಮ್ಮಗಳು ಹೇಳಿದ್ದು ಒಂದು ಮಧ್ಯಾಹ್ನ, ಕಾಫಿ ಒಣಹಾಕಿದ ಕಣದಲ್ಲಿ ಕುಳಿತು. ಆತ ಇಂಡಿಯಾನಾಪೊಲಿಸ್ ಎಂಬ ಊರಿನವನು, 1923ರಲ್ಲಿ ಹುಟ್ಟಿದವನು. ಚಾರ್ಲಿ ಕ್ರಿಶ್ಚಿಯನ್ ಎಂಬ ಗಿಟಾರ್ ವಾದಕನ ಮುದ್ರಿಕೆಗಳನ್ನು ಕೇಳಿಕೇಳಿಯೇ ಸ್ವಂತ ಕಲಿತ. ಸಂಗೀತದ ಲಿಪಿ ಓದಲು ಬಾರದು. ದೊಡ್ಡ ಸಂಸಾರ. ಹಗಲು ಕಾರ್ಖಾನೆಯಲ್ಲಿ ದುಡಿದು ರಾತ್ರಿ ಮದ್ಯದಂಗಡಿಗಳಲ್ಲಿ ನುಡಿಸುತ್ತಿದ್ದ. ಆ ಮುದ್ರಿಕೆಯಲ್ಲಿರುವ ಅವನ ಸ್ವಂತ ರಚನೆಯೊಂದಕ್ಕೆ ಅಂಥ ಒಂದು ಅಂಗಡಿಯ ಹೆಸರನ್ನೇ ಇಟ್ಟಿದ್ದಾನೆ. ಕ್ಯಾನನ್‌ಬಾಲ್ ಆಡರ್ಲಿ ಎಂಬ ಹೆಸರಾಂತ ಸ್ಯಾಕ್ಸೊಫೋನ್ ವಾದಕ ಆ ಊರಿಗೆ ಹೋದಾಗ ಇವನನ್ನು ಕೇಳಿ ಬೆರಗಾಗಿ ತನ್ನ ಮುದ್ರಿಕೆಯ ಕಂಪನಿಯವರಿಗೆ ಹೇಳಿದ. ಹೀಗೆ ಮೂವತ್ತಾರನೆಯ ವಯಸ್ಸಿನಲ್ಲಿ ಕಾರ್ಖಾನೆಯ ಕೂಲಿಗಾರ ಜಗತ್ತಿಗೆ ಪರಿಚಿತನಾದ. ಬದುಕಿದ್ದು ನಲವತ್ತೈದೇ ವರ್ಷ, 1968ರಲ್ಲಿ ತೀರಿಕೊಂಡ.

ಗಿಟಾರನ್ನು ಸಾಮಾನ್ಯವಾಗಿ ಬಿಲ್ಲೆಯಿಂದ ಮೀಟುತ್ತಾರೆ. ಈತ ಬಿಲ್ಲೆ ಬಿಟ್ಟು ಬರಿಯ ಹೆಬ್ಬೆರಳಿನಿಂದ ಮೀಟಿದ. ಅದರಿಂದಲೇ ಆ ನಾದಕ್ಕೆ ಅಷ್ಟು ಮಾರ್ದವ. ಒಂದೇ ಸ್ವರವನ್ನು ಎರಡು ಸ್ಥಾಯಿಗಳಲ್ಲಿ, ಎರಡು ತಂತಿಗಳ ಮೇಲೆ ಒಟ್ಟಿಗೆ ನುಡಿಸುವ ಅವನ ಕ್ರಮವೂ ಹೆಸರಾದದ್ದು. ತಂದೆಯೂ ಮಗನೂ ಒಂದೇ ಹಾಡನ್ನು ಕೂಡಿ ಹೇಳಿದಂತೆ ಕೇಳಿಸುತ್ತದೆ. ಬಿಲ್ಲೆ ಬಿಟ್ಟದ್ದೇಕೆ ಎಂದು ಕೇಳಿದೆವು.

"ರಾತ್ರಿ ಅಭ್ಯಾಸ ಮಾಡುವಾಗ ಅಕ್ಕಪಕ್ಕದವರು ಗಲಾಟೆ ಅಂತ ದೂರು ಹೇಳಿದರಂತೆ ತಾತ. ಸದ್ದು ಕಡಿಮೆಯಾಗಲಿ ಅಂತ ಹೆಬ್ಬೆರಳಲ್ಲಿ ನುಡಿಸೋಕೆ ಶುರುಮಾಡಿದ."

ನಾವು ಎದ್ದು ಕಾಫಿಯನ್ನು ಕಾಲಿನಿಂದ ಕೆದಕುತ್ತ ಕಣದ ಆ ತುದಿಗೆ ಹೋದೆವು. ನೆರೆಯವರ ದೂರು ಅಲ್ಲಿಗೂ ಬಂದಿತ್ತು, ಇಲ್ಲಿಗೂ ಬಂದಿತ್ತು. ಅವನಿಗೆ ಹೆಬ್ಬೆರಳನ್ನು ಕಂಡುಕೊಳ್ಳುವಷ್ಟು ಎಡೆ ಸಿಕ್ಕಿತು. ನಮ್ಮ ಮನೆಯಲ್ಲಿ ಏಣಿ ಬೇಗ ಸಿಕ್ಕಿತು.

'ನಮ್ಮ ವಾದ್ಯವಲ್ಲ' ಎಂದ ಮಾತೂ ಆಮೇಲೆ ನಮ್ಮನ್ನು ಬಹಳ ಕಾಡಿತು. ನಮ್ಮ ಶಾಲೆಯಲ್ಲಿ ಪ್ರತಿದಿನ ಪ್ರಾರ್ಥನೆ ನಡೆಯುತ್ತಿದ್ದದ್ದು ಯೂರೋಪಿನಿಂದ ಬಂದ ಹಾರ್ಮೋನಿಯಮ್ಮಿನ ಮೇಲೆ. ಕರ್ನಾಟಕ ಸಂಗೀತದಲ್ಲಿ ಇಂದು ಪಿಟೀಲಿಲ್ಲದ ಕಚೇರಿಯುಂಟೆ? ಅದನ್ನು ಎರಡು ಶತಮಾನಗಳ ಹಿಂದೆ ನಮ್ಮ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರ ಹೆಸರು ಮೊದಲು ಬರುತ್ತದೆ. ಅಷ್ಟು ಹಿಂದಕ್ಕೆ ಹೋಗುವುದೇ ಬೇಡ. ರೇಡಿಯೋದಲ್ಲಿ ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಬಂದರೆ ನಾವು ಊಟವನ್ನೇ ಮುಂದೂಡುತ್ತಿದ್ದೆವು. ದಕ್ಷಿಣ ಕನ್ನಡದ ನಾಗಸ್ವರ ವಿದ್ವಾಂಸರ ಮಗ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯವನ್ನು ಕಂಡು ಮರುಳಾಗಿ, ಅದರಲ್ಲಿ ಗಮಕ ನುಡಿಸಲು ವರ್ಷಾನುಗಟ್ಟಲೆ ಹೆಣಗಿದವರು. ಅವರ ಮನೆಯವರೂ 'ನಮ್ಮ ವಾದ್ಯವಲ್ಲ' ಎಂದು ಅದನ್ನು ಅಟ್ಟಕ್ಕೇರಿಸಿದ್ದರೆ? ಆ ಸ್ಯಾಕ್ಸೊಫೋನನ್ನು ಮೆಚ್ಚುತ್ತಿದ್ದ ಜಗಲಿಯೇ ಈ ಗಿಟಾರನ್ನು ಹೊರಹಾಕಿದ್ದು. ಕೃತಿ ನುಡಿಸಿದರೆ ನಮ್ಮದು, ಇಲ್ಲವಾದರೆ ಪರದೇಶದ್ದು ಎಂಬ ಲೆಕ್ಕ ನಮಗೆ ಆಗ ಲೆಕ್ಕವೆಂದೇ ತೋರಲಿಲ್ಲ.

ಇದನ್ನು ಮೊಮ್ಮಗಳಿಗೆ ಹೇಳಿದಾಗ, "ಹಾಗಾದರೆ ಇದನ್ನು ಕೇಳಿ" ಎಂದು ಇನ್ನೊಂದು ಮೂವರ ಮೇಳವನ್ನು ಹಾಕಿದಳು. ರುದ್ರೇಶ ಮಹಾಂತಪ್ಪ ಎಂಬ ಹೆಸರು ಕೇಳಿ ನಾವು ದಾವಣಗೆರೆಯೋ ಹಾವೇರಿಯೋ ಎಂದುಕೊಂಡೆವು. ಕನ್ನಡ ನಾಡಿನಿಂದ ಅಮೆರಿಕೆಗೆ ಹೋದ ಕುಟುಂಬದ ಮಗನಂತೆ. ತಂದೆ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಮಗ 1971ರಲ್ಲಿ ಇಟಲಿಯಲ್ಲಿ ಹುಟ್ಟಿ ಕೊಲರಾಡೊದಲ್ಲಿ ಬೆಳೆದು ಜಾಝ್ ಸ್ಯಾಕ್ಸೊಫೋನ್ ವಾದಕರಾಗಿ ಹೆಸರಾದವರು. ಓದುತ್ತಿದ್ದ ಕಾಲದಲ್ಲಿ ಅವರ ಅಣ್ಣ ಕದ್ರಿಯವರ ಮುದ್ರಿಕೆಯೊಂದನ್ನು ತಮಾಷೆಗೆಂದು ಕೊಟ್ಟರಂತೆ. ತಮಾಷೆ ಅಲ್ಲಿಗೇ ನಿಲ್ಲಲಿಲ್ಲ. ಮುಂದೆ ಇಬ್ಬರೂ ಕೂಡಿ ನುಡಿಸಿದ 'ಕಿನ್ಸ್‌ಮೆನ್' ಎಂಬ ಮುದ್ರಿಕೆ 2008ರಲ್ಲಿ ಹೊರಬಂದಿತು. ಕದ್ರಿಯವರಿಗಂತೂ ಜಾಝ್ ಹೊಸದಾಗಿರಲಿಲ್ಲ. 1980ರಷ್ಟು ಹಿಂದೆಯೇ ಮುಂಬಯಿಯ ಜಾಝ್ ಉತ್ಸವದಲ್ಲಿ ಜಾನ್ ಹ್ಯಾಂಡಿ ಎಂಬ ಅಮೆರಿಕನ್ ವಾದಕನೊಡನೆ ವೇದಿಕೆಯೇರಿದ್ದರು.

ಅವಳು ಕೇಳಿಸಿದ್ದು ಅದೇ ವರ್ಷದ 'ಆಪ್ತಿ' ಎಂಬ ಮುದ್ರಿಕೆ. ರುದ್ರೇಶರ ಸ್ಯಾಕ್ಸೊಫೋನ್, ಕರಾಚಿಯಲ್ಲಿ ಹುಟ್ಟಿ ಕ್ಯಾಲಿಫೋರ್ನಿಯದಲ್ಲಿ ಬೆಳೆದ ರೆಝ್ ಅಬ್ಬಾಸಿಯವರ ಗಿಟಾರ್, ಡ್ಯಾನ್ ವೈಸ್ ಎಂಬ ಅಮೆರಿಕನ್ನರ ತಬಲ. ಮೇಳದ ಹೆಸರನ್ನೇ 'ಇಂಡೋ-ಪಾಕ್ ಕೊಯಲಿಷನ್' ಎಂದಿಟ್ಟಿದ್ದಾರೆ. ಎರಡು ದೇಶಗಳ ದೊರೆಗಳಿಂದ ಆಗದ ಸಮ್ಮಿಶ್ರ ಸರ್ಕಾರವನ್ನು ಮೂವರು ವಾದ್ಯಗಾರರು ನಡೆಸಿದಂತಾಯಿತು. ಇಲ್ಲಿ ಹಳೆಯ ಅಮೆರಿಕನ್ ಧಾಟಿಗಳಿಲ್ಲ. ಹೆಚ್ಚಿನವು ರುದ್ರೇಶರವೇ ರಚನೆಗಳು. ಇದು ವೆಸ್‌ನಷ್ಟು ನಮ್ಮ ಕಿವಿಗೆ ಇಳಿಯಲಿಲ್ಲವೆಂದು ಒಪ್ಪಿಕೊಳ್ಳುತ್ತೇವೆ. ಬಹಳ ವೇಗ, ಬಹಳ ಲೆಕ್ಕ. ಜತಿ ಹೇಳುವಲ್ಲಿ ಪಂದ್ಯಕ್ಕಿಳಿದಂತೆ ಕೆಲವೆಡೆ ತೋರಿತು. ಆದರೆ ಸ್ಯಾಕ್ಸೊಫೋನ್ ಕೊಂಚ ಬಿಡುವು ಕೊಟ್ಟಾಗ ಗಿಟಾರು ತಂಬೂರಿಯ ಶ್ರುತಿಯಂತೆ ಕೆಳಗೆ ನಿಂತು, ತಬಲ ಅದರ ಸುತ್ತ ಹೆಜ್ಜೆಯಿಡುವ ಎಡೆಗಳಿವೆ. ಅಲ್ಲಿ ಯಾರ ವಾದ್ಯ ಯಾವ ದೇಶದ್ದೆಂದು ಕೇಳಬೇಕೆನಿಸಲಿಲ್ಲ.

ಮೊಮ್ಮಗಳು ಹೋದ ಮೇಲೂ ಸ್ಪೀಕರ್ ಇಲ್ಲೇ ಉಳಿಯಿತು. ಸಂಜೆ ಮಳೆ ಹಿಡಿದರೆ ವೆಸ್‌ನನ್ನು ಹಾಕಿಕೊಂಡು ಕೂರುವುದು ಅಭ್ಯಾಸವಾಯಿತು. ಬಾಗಿದ ಗಿಟಾರನ್ನು ತಂತಿ ಬಿಚ್ಚಿಸಿ ಹಾಲಿನ ಗೋಡೆಗೆ ಒರಗಿಸಿದ್ದೆವು.

ದೀಪಾವಳಿಗೆ ಮಗ ಮತ್ತೆ ಬಂದ. ಅವನು ಇಲ್ಲಿ ರಾತ್ರಿ ನಿಲ್ಲುವುದು ಅಪರೂಪ. ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನಗಳನ್ನು ಬಿಡುವುದಿಲ್ಲ. 2009ರಿಂದ ಜಾರಿಯಲ್ಲಿರುವ ಈ ನಿರ್ಬಂಧದ ಬಗ್ಗೆ ನಮ್ಮ ಜಿಲ್ಲೆಯಲ್ಲಿ ನಡೆದ ಚಳವಳಿಗಳು ಓದುಗರಿಗೆ ಗೊತ್ತೇ ಇವೆ. ಆನೆಗಳ ಪಕ್ಷವನ್ನೂ ಬಲ್ಲ ನಾವು ಆ ಚರ್ಚೆಗೆ ಇಲ್ಲಿ ಇಳಿಯುವುದಿಲ್ಲ. ನಮ್ಮ ಮನೆಯ ಮಟ್ಟಿಗೆ ಅದು ಮಗನಿಗೆ ಒದಗಿಬಂದ ಕಾರಣ. ಸಂಜೆ ಆರೂವರೆಯಾದರೆ, "ಗೇಟು ಮುಚ್ಚುತ್ತಾರೆ ಅಪ್ಪ, ಹೊರಡುತ್ತೇವೆ" ಎನ್ನುತ್ತಾನೆ. ನಾವು "ಹಾಗೇ ಆಗಲಿ" ಎನ್ನುತ್ತೇವೆ. ಹದಿನಾಲ್ಕು ಹದಿನೈದು ವರ್ಷ ಹಬ್ಬಗಳೆಲ್ಲ ಹೀಗೆಯೇ ಮುಗಿದಿವೆ.

ಆ ದಿನವೂ ಅವನು ಚೀಲ ಕಟ್ಟುತ್ತಿದ್ದ. ಮೊಮ್ಮಗಳು ಜಗಲಿಯಲ್ಲಿ ಸ್ಪೀಕರ್ ಹಾಕಿದಳು. ಆರ್ಗನ್ನು ಮೆಲ್ಲನೆ ಏರಿತು, ಗಿಟಾರು ಬಂದಿತು. ಮಗ ಬಾಗಿಲಲ್ಲಿ ನಿಂತ. ಚೀಲವನ್ನು ಕೆಳಗಿಡದೆ, ಯಾರಿಗೂ ಅಲ್ಲವೆಂಬಂತೆ, "ಹೆಬ್ಬೆರಳು" ಎಂದ. ಸ್ವಲ್ಪ ಹೊತ್ತಿನ ಮೇಲೆ, "ಈತ ಬಿಲ್ಲೆ ಹಿಡಿಯುವುದಿಲ್ಲ, ಕೇಳಿದರೇ ಗೊತ್ತಾಗುತ್ತೆ" ಎಂದ.

"ಅಪ್ಪಾ, ನಿಮಗೆ ವೆಸ್ ಗೊತ್ತಾ?" ಎಂದು ಮೊಮ್ಮಗಳು ಕೂಗಿದಳು.

"ಬ್ಯಾಂಕಿಗೆ ಹೋಗುವಾಗ ಬಸ್ಸಿನಲ್ಲಿ ಕೇಳುತ್ತಿದ್ದೆ. ಆಗ ಕ್ಯಾಸೆಟ್ಟು."

ನಮಗೆ ಮಾತು ಹೊರಡಲಿಲ್ಲ. ಎಷ್ಟೋ ಸಭೆಗಳಲ್ಲಿ ನಿರರ್ಗಳವಾಗಿ ಮಾತಾಡಿದವರು ನಾವು. ಕೊನೆಗೆ ಗೋಡೆಯ ಕಡೆ ಕೈತೋರಿಸಿ, "ಅದನ್ನು ಅಟ್ಟಕ್ಕೆ ಹಾಕಬಾರದಿತ್ತು" ಎಂದೆವು. ಹೇಳಬೇಕೆಂದು ತಿಂಗಳುಗಟ್ಟಲೆ ಕಟ್ಟಿಟ್ಟಿದ್ದ ವಾಕ್ಯ ಅದಲ್ಲ; ಆದರೆ ಬಂದದ್ದು ಅಷ್ಟೇ.

"ಬಿಡಿ ಅಪ್ಪ" ಎಂದ. ಗೋಡೆಯ ಬಳಿ ಹೋಗಿ ಬಾಗಿದ ಕೊರಳಿನ ಮೇಲೆ ಕೈಯಾಡಿಸಿದ. "ಅಮ್ಮ ಪ್ರತಿ ಸಲ ಫೋನಿನಲ್ಲಿ ಹೇಳುತ್ತಿದ್ದಳು, ನಿನ್ನದು ಬೆಚ್ಚಗಿದೆ ಅಂತ. ಸೀರೆಯಲ್ಲಿ ಸುತ್ತಿದ್ದಾಳೆ ಅಂತ ಗೊತ್ತಿರಲಿಲ್ಲ."

ಮೊಮ್ಮಗಳು ತನ್ನ ಗಿಟಾರನ್ನು ತಂದು ಅವನ ಮಡಿಲಲ್ಲಿಟ್ಟಳು. ಅವನು ಬೇಡವೆನ್ನಲಿಲ್ಲ. ಜಗಲಿಯ ಕಟ್ಟೆಯ ಮೇಲೆ ಕುಳಿತು ಒಂದೊಂದೇ ತಂತಿಯನ್ನು ಮೀಟಿ ಕಿವಿಗೊಟ್ಟು ಬಿರಡೆ ತಿರುಗಿಸತೊಡಗಿದ. ನಾಲ್ಕನೆಯ ತಂತಿಗೆ ಬರುವಷ್ಟರಲ್ಲಿ ಕರೆಂಟು ಹೋಯಿತು. ಸೊಸೆ ಒಳಗಿನಿಂದ ದೀಪ ತಂದಿಟ್ಟಳು. ಅವನ ಬೆರಳುಗಳು ಬಿರುಸಾಗಿದ್ದವು, ತಪ್ಪುತ್ತಿದ್ದವು. ಅಂದಿನ ಆ ನಾಲ್ಕು ಸ್ವರಗಳನ್ನೇ ಮತ್ತೆ ಮತ್ತೆ ಹುಡುಕುತ್ತಿದ್ದ. ನೆರೆಮನೆಯ ಜಗಲಿಯಲ್ಲಿ ಯಾರೋ ಬಂದು ನಿಂತದ್ದು ಕಂಡಿತು. ನಾವು ಎದ್ದು ಹೋಗಿ ಬೇಲಿಯ ಬಳಿ ನಿಂತು, "ನಮ್ಮ ಮಗ" ಎಂದೆವು.

ಗಡಿಯಾರ ನೋಡಿದಾಗ ಒಂಬತ್ತು ದಾಟಿ ಹತ್ತು ನಿಮಿಷವಾಗಿತ್ತು. ಗೇಟಿನ ಮಾತನ್ನು ಅವನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಸೊಸೆ ಅಕ್ಕಿ ತೊಳೆಯುವ ಸದ್ದು ಕೇಳಿಸಿತು.